ಕುಕ್ಕರಗಾಲಿನ ತಾಲೀಮು

ಮೀನು ಹಿಡಿಯುವುದು ಕೈಕೆಲಸ ಎಂದು ತಿಳಿದವರು ಒಮ್ಮೆ ನಮ್ಮ ವಡಗೇರಾ ತಾಲ್ಲೂಕಿನ ಸಂಗಮಕ್ಕೆ ಬಂದು, ಕೃಷ್ಣೆಗೆ ಭೀಮೆ ಕೂಡುವ ದಂಡೆಯ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಅರ್ಧ ತಾಸಿಗೆ ಕಾಲು ಜೋಮು ಹಿಡಿಯುತ್ತದೆ, ಸೊಂಟ ಮುಲುಗುತ್ತದೆ, ಮೀನು ಮಾತ್ರ ಆರಾಮಾಗಿರುತ್ತದೆ.

ಮಳೆಗಾಲದಲ್ಲಿ ಹೊಳೆಯ ಸುದ್ದಿ ಬೇಡ. ನಾರಾಯಣಪುರದ ಬಸವಸಾಗರದ ಗೇಟು ಎತ್ತಿದರೆ ದಂಡೆಗೆ ಹೋಗಬೇಡಿರೆಂದು ಡಂಗುರ ಸಾರುತ್ತಾರೆ. 2019ರ ಆಗಸ್ಟಿನಲ್ಲಿ ಕೊಳ್ಳೂರಿನ ಸೇತುವೆಯೇ ಮುಳುಗಿತ್ತು. ಬೇಸಿಗೆಯಲ್ಲಿ ಬಂಡೆ ಕಾದ ಹಂಚು. ಆದ್ದರಿಂದ ದೀಪಾವಳಿ ಕಳೆದ ಮೇಲೆಯೇ ಹೊರಡುವುದು. ತಾಲೀಮು ಮಾತ್ರ ನವರಾತ್ರಿಗೇ ಶುರು. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತರೆ ಹೆಂಡತಿ ಕೇಳುತ್ತಾಳೆ: "ಯಾಕ್ರಿ, ಏನರ ಕಳಕೊಂಡೀರೇನು?"

ಕಳಕೊಂಡದ್ದು ಮೊಣಕಾಲು ಎಂದು ಹೇಳಲಾದೀತೆ?

ನಮ್ಮ ಕಾಕಾನಿಗೆ ಇದ್ಯಾವುದೂ ಬೇಕಿರಲಿಲ್ಲ. ಹೊಲದಲ್ಲಿ ಕೂತು ಕೂತು ಕಳೆ ತೆಗೆದ ಕಾಲು ಅವನವು. ಹೆಗಲ ಮೇಲಿನ ಟವೆಲ್ಲಿನಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಕರಟದ ಹಸಿಮಣ್ಣಿನಲ್ಲಿ ಎರೆಹುಳು. ಬೆರಳಿಗೆ ಒಲೆಯ ಬೂದಿ ಹಚ್ಚಿಕೊಂಡು, ಜಾರುವ ಹುಳುವನ್ನು ಕೊಕ್ಕೆಯ ಮೊನೆ ಕಾಣದಂತೆ ಪೋಣಿಸಿ, ಕೊನೆಗೆ ಚೂರು ಬಾಲ ಬಿಡುತ್ತಿದ್ದ. ದಾರಕ್ಕೆ ಜೋಳದ ದಂಟಿನ ಬೆಂಡು. "ಬಾಲ ಮಿಸುಕಬೇಕು ತಮ್ಮಾ, ನೀ ಮಿಸುಕಬಾರ್ದು." ಮನಸ್ಸಿನ ತಾಲೀಮಿಗೆ ಅವನು ಕೊಟ್ಟ ಪಾಠ ಇಷ್ಟೇ. ಮೂಗಿನ ಮೇಲೆ ಸೊಳ್ಳೆ ಕೂತಾಗ ಅದು ಎಷ್ಟು ದೊಡ್ಡ ಪಾಠವೆಂದು ಗೊತ್ತಾಗುತ್ತದೆ. ಈಗಂತೂ ಕಿಸೆಯಲ್ಲಿ ಮೊಬೈಲ್ ಮಿಸುಕುತ್ತದೆ. ಧೈರ್ಯದ ತಾಲೀಮಿಗೆ ನಾನು ಕೈಹಾಕಿಲ್ಲ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅವಕ್ಕೂ ತಾಳ್ಮೆ ಹೆಚ್ಚು.

ಇನ್ನು ಬರಿಗೈಲಿ ಊರು ಹೊಗುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ಚಹಾದಂಗಡಿ ಮುಂದೆ ಕೂತವರು ಚೀಲ ಮುಟ್ಟಿಯೇ ಮಾತಾಡಿಸುವವರು. "ಏನ್ ಬಿತ್ತರಿ ಸರ?" ಎಂದರೆ ನಾನು ಗಾಳಿ, ನೀರಿನ ಸೆಳವು, ಅಮಾವಾಸ್ಯೆ ಎಲ್ಲ ವಿವರಿಸಲು ನಿಲ್ಲುತ್ತೇನೆ. ಕಾಕಾ ನಡಿಗೆ ನಿಲ್ಲಿಸದೆ "ಹೊಳಿ ತಣ್ಣಗಿತ್ತು" ಎಂದುಬಿಡುತ್ತಿದ್ದ.

ಈ ಸಲ ಮಗ ಮಡಚುವ ಕುರ್ಚಿ ತರಿಸಿಕೊಟ್ಟಿದ್ದಾನೆ. ಭಾಳ ಸುಖ, ಬೆಂಡು ಮುಳುಗಿದ್ದೂ ತಿಳಿಯದಂತೆ ನಿದ್ದೆ ಹತ್ತುವಷ್ಟು. ಕಾಕಾ ಇದ್ದಿದ್ದರೆ ಇರುವೆ ಮುತ್ತದಿರಲೆಂದು ರೊಟ್ಟಿ ಗಂಟನ್ನು ಅದರ ಮೇಲೆ ಕೂಡಿಸಿ, ತಾನು ಕೆಳಗೆ ಬಂಡೆಯ ಮೇಲೆ ಕೂಡುತ್ತಿದ್ದ.