ಗಾಜಿನ ಅಂಗಡಿಯವನ ವಿಷಯ

ಪ್ರೀತಿಯ ಅಕ್ಕ,

ನಿಮ್ಮ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲವೂ ಎದ್ದುಬಿಟ್ಟೆ. ಲಾಹೋರಿನ ಆಕಾಶ್ ಬಶೀರನ ಬಗ್ಗೆ ನಾನು ಬರೆದದ್ದನ್ನು ಓದಿ, ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ ಅಂದಿರಿ. ಆಮೇಲೆ ಮಗಳ ಫೋನಿನಲ್ಲಿ ಇನ್ನಷ್ಟು ಹುಡುಕಿಸಿ ಓದಿ, ಕೊನೆಗೆ ಒಂದೇ ಸಾಲು ಬರೆದಿರಿ: “ಅದೇ ದಿನ ಅದೇ ಕೇರಿಯವರು ಸುಟ್ಟರಲ್ಲ, ಆ ಗಾಜಿನ ಅಂಗಡಿಯವನ ವಿಷಯ ಯಾಕೆ ಬಿಟ್ಟಿರಿ?”

ಮರೆತು ಬಿಟ್ಟದ್ದಲ್ಲ ಅಕ್ಕ, ಗೊತ್ತಿದ್ದೇ ಬಿಟ್ಟೆ. ಅದನ್ನೂ ಹೇಳಿದರೆ ಆಕಾಶನ ಕತೆಗೆ ಮಸಿ ಹತ್ತುತ್ತದೆ ಅಂದುಕೊಂಡೆ. ತಪ್ಪು ಮಾಡಿದೆ. ಆ ದಿನವನ್ನು ಈಗ ಪೂರ್ತಿ ಹೇಳುತ್ತೇನೆ.

2015ರ ಮಾರ್ಚ್ 15, ಭಾನುವಾರ. ಲಾಹೋರಿನ ದಕ್ಷಿಣಕ್ಕೆ, ಫಿರೋಜ್‌ಪುರ ರಸ್ತೆಗೆ ಅಂಟಿಕೊಂಡ ಹಾಗೆ ಯೂಹನಾಬಾದ್ ಇದೆ. ಆ ನಗರದ ಅತಿ ದೊಡ್ಡ ಕ್ರೈಸ್ತ ಕೇರಿ ಅದು, ದುಡಿದು ತಿನ್ನುವವರ ಕೇರಿ. ಹತ್ತಿರ ಹತ್ತಿರದಲ್ಲೇ ಎರಡು ಚರ್ಚು, ಒಂದು ಕ್ಯಾಥೊಲಿಕರದು, ಒಂದು ಪ್ರಾಟೆಸ್ಟಂಟರದು. ಎರಡರಲ್ಲೂ ಪೂಜೆ ನಡೆದಿತ್ತು. 2013ರ ಸೆಪ್ಟೆಂಬರಿನಲ್ಲಿ ಪೆಶಾವರದ ಆಲ್ ಸೇಂಟ್ಸ್ ಚರ್ಚಿನಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಬಾಂಬಿಗೆ ಬಲಿಯಾದ ಮೇಲೆ, ಬಾಗಿಲಲ್ಲಿ ಕೇರಿಯ ಹುಡುಗರೇ ಕಾವಲು ನಿಲ್ಲುತ್ತಿದ್ದರು. ಡಾನ್ ಬಾಸ್ಕೊ ತಾಂತ್ರಿಕ ಸಂಸ್ಥೆಯಲ್ಲಿ ಓದಿದ್ದ ಆಕಾಶನೂ ಅವರಲ್ಲೊಬ್ಬ. 20 ವರ್ಷ. ತಾಯಿ ಮೊದಲು ಬೇಡವೆಂದರೂ ಹಟ ಹಿಡಿದು ಸೇರಿದ್ದ. ಆ ಬೆಳಿಗ್ಗೆ ಒಳಗೆ ನುಗ್ಗಲು ಬಂದವನ ಮೈಯಲ್ಲಿ ಬಾಂಬಿದೆ ಎಂದು ತಿಳಿದೂ ಅವನನ್ನು ಗೇಟಿನಲ್ಲೇ ತಬ್ಬಿ ಹಿಡಿದ. ಇಬ್ಬರೂ ಅಲ್ಲೇ ಛಿದ್ರವಾದರು. ಒಳಗಿದ್ದವರು ಉಳಿದರು. ಎರಡು ಚರ್ಚುಗಳ ಬಾಗಿಲಲ್ಲಿ ಸತ್ತವರು ಕನಿಷ್ಠ 15 ಮಂದಿ, ಗಾಯಗೊಂಡವರು 70ಕ್ಕೂ ಹೆಚ್ಚು. ಜಮಾತ್-ಉಲ್-ಅಹ್ರಾರ್ ಎಂಬ ತಾಲಿಬಾನ್ ಬಣ, ಮಾಡಿದ್ದು ನಾವೇ ಎಂದು ಹೇಳಿಕೊಂಡಿತು. 2022ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಆಕಾಶನನ್ನು ‘ದೇವರ ಸೇವಕ’ ಎಂದು ಕರೆಯಿತು. ಪಾಕಿಸ್ತಾನದಲ್ಲಿ ಆ ಹೆಸರು ಪಡೆದ ಮೊದಲಿಗ ಅವನು.

ನಾನು ಕಳೆದ ಸಲ ಕತೆಯನ್ನು ಇಲ್ಲಿಗೆ ನಿಲ್ಲಿಸಿದ್ದೆ. ಬೀದಿಯಲ್ಲಿ ಅದು ಇಲ್ಲಿಗೆ ನಿಲ್ಲಲಿಲ್ಲ.

ಹೊಗೆ ಇನ್ನೂ ಆರಿರಲಿಲ್ಲ. ಪೊಲೀಸರು ಅನುಮಾನದ ಮೇಲೆ ಇಬ್ಬರನ್ನು ಹಿಡಿದಿದ್ದಾರೆ ಎಂಬ ಸುದ್ದಿ ಹಬ್ಬಿತು. ಜನ ಹೋಗಿ ಪೊಲೀಸರ ಕೈಯಿಂದಲೇ ಅವರನ್ನು ಕಸಿದುಕೊಂಡರು, ಹೊಡೆದರು, ಕೊನೆಗೆ ಬೆಂಕಿ ಹಚ್ಚಿದರು. ಮೊಬೈಲಿನಲ್ಲಿ ಚಿತ್ರ ತೆಗೆದವರೂ ಇದ್ದರು. ಸತ್ತವರಲ್ಲಿ ಒಬ್ಬ ಅದೇ ಕಡೆ ಗಾಜು ಕತ್ತರಿಸಿ ಕೂರಿಸಿಕೊಡುತ್ತಿದ್ದವನು, ಇನ್ನೊಬ್ಬ ಬಟ್ಟೆ ಕಾರ್ಖಾನೆಯ ಕೆಲಸಗಾರ. ಬಾಂಬಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಬಾಂಬು ಸಿಡಿದ ಬೀದಿಯಲ್ಲಿ ಮರುದಿನ ಮೊದಲು ಕರೆಯಬೇಕಾದದ್ದು ಗಾಜು ಕೂರಿಸುವವನನ್ನೇ ಅಲ್ಲವೇ ಅಕ್ಕ? ಇದೊಂದು ಯೋಚನೆ ನನ್ನನ್ನು ಈ ಹದಿನೈದು ದಿನವೂ ಬಿಟ್ಟಿಲ್ಲ.

ಹೊಡೆದವರು ಯಾರು ಅಂತ ನೋಡಿ. ಅದಕ್ಕೆ ಎರಡು ವರ್ಷ ಹಿಂದೆ, 2013ರ ಮಾರ್ಚಿನಲ್ಲಿ, ಅದೇ ಲಾಹೋರಿನ ಜೋಸೆಫ್ ಕಾಲೊನಿಯಲ್ಲಿ ಒಬ್ಬ ಕ್ರೈಸ್ತನ ಮೇಲೆ ಧರ್ಮನಿಂದೆಯ ಆರೋಪ ಬಂತೆಂದು ಗುಂಪೊಂದು ನೂರಕ್ಕೂ ಹೆಚ್ಚು ಮನೆ ಸುಟ್ಟಿತ್ತು. ಅದರ ಆರೋಪಿಗಳು, ನೂರಕ್ಕೂ ಹೆಚ್ಚು ಮಂದಿ, 2017ರಲ್ಲಿ ಖುಲಾಸೆಯಾದರು. 2014ರ ನವೆಂಬರಿನಲ್ಲಿ, ಯೂಹನಾಬಾದಿನಲ್ಲಿ ಬಾಂಬು ಸಿಡಿಯುವ ನಾಲ್ಕೇ ತಿಂಗಳ ಮುಂಚೆ, ಕಸೂರ್ ಜಿಲ್ಲೆಯ ಕೋಟ್ ರಾಧಾ ಕಿಶನ್‌ನಲ್ಲಿ ಇಟ್ಟಿಗೆ ಗೂಡಿನ ಕೂಲಿ ದಂಪತಿಯನ್ನು ಇದೇ ಆರೋಪದ ಮೇಲೆ ಜನ ಹೊಡೆದು ಗೂಡಿನ ಬೆಂಕಿಗೆ ಹಾಕಿದ್ದರು. ಹೆಂಡತಿ ಗರ್ಭಿಣಿ. ಗುಂಪು ಎಂದರೇನು, ‘ಇವನೇ’ ಎಂದು ಒಬ್ಬ ಬೆರಳು ತೋರಿಸಿದರೆ ಏನಾಗುತ್ತದೆ ಎಂಬುದನ್ನು ಯೂಹನಾಬಾದಿನವರಷ್ಟು ಬಲ್ಲವರು ಕಡಿಮೆ. ಬಲ್ಲವರೇ ಬೆರಳು ತೋರಿಸಿದರು.

ಯಾಕೆ ಅಂತ ನೀವು ಕೇಳುತ್ತೀರಿ. ನನಗೆ ತೋಚಿದ್ದು ಹೇಳುತ್ತೇನೆ. ಆತ್ಮಾಹುತಿ ಬಾಂಬಿನಲ್ಲಿ ಕೊಂದವನೂ ಸತ್ತವರ ಜೊತೆಗೇ ಸತ್ತಿರುತ್ತಾನೆ. ಹಿಡಿದು ‘ಯಾಕೆ ಮಾಡಿದೆ’ ಅಂತ ಕೇಳಲು ಆಳಿಲ್ಲ, ಕಟಕಟೆಯಲ್ಲಿ ನಿಲ್ಲಿಸಲು ಮುಖವಿಲ್ಲ. ಮಗುವನ್ನು ಕಳೆದುಕೊಂಡವರ ಸಂಕಟಕ್ಕೆ ಎದುರಿಗೆ ಒಂದು ಜೀವ ಬೇಕು. ಕಾವಲಿಗಿದ್ದ ಪೊಲೀಸರು ಆ ಹೊತ್ತಿನಲ್ಲಿ ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದರು ಎಂದು ಕೇರಿಯವರು ದೂರಿದರು. ದೂರಿನ ನಿಜ ಏನೇ ಇರಲಿ, ಸರ್ಕಾರ ತಮ್ಮದಲ್ಲ ಎಂಬ ನಂಬಿಕೆ ಅವರಲ್ಲಿ ಹಳೆಯದು. ನ್ಯಾಯ ಆಮೇಲೆ ಸಿಕ್ಕೀತು ಎಂಬ ಆಸೆ ಇಲ್ಲದವರು ಈಗಲೇ, ಕೈಗೆ ಸಿಕ್ಕವರ ಮೇಲೆ ಅನ್ನುತ್ತಾರೆ. ಇದು ಸಮರ್ಥನೆ ಅಂತ ದಯವಿಟ್ಟು ಓದಿಕೊಳ್ಳಬೇಡಿ. ಅದೇ ಕೇರಿಯಲ್ಲಿ, ಅದೇ ಭಯ ಉಂಡು ಬೆಳೆದ ಆಕಾಶನೂ ಅನುಮಾನಪಟ್ಟವನೇ. ಆದರೆ ಅವನು ಎದುರಿಗೆ ಬಂದವನನ್ನು ತಡೆದ, ನೋಡಿದ, ಬಾಂಬು ಇದೆ ಎಂದು ಖಾತ್ರಿ ಮಾಡಿಕೊಂಡು ಹಿಡಿದ. ಗುಂಪು ಯಾರನ್ನೂ ನೋಡಲಿಲ್ಲ.

ಅದೇ 2015ರ ಅಕ್ಟೋಬರ್ 18ರಂದು ಇಸ್ರೇಲಿನ ಬೀರ್‌ಶೇಬಾ ಬಸ್ ನಿಲ್ದಾಣದಲ್ಲೂ ಹೀಗೇ ಆಯಿತು. ದಾಳಿಕೋರನೊಬ್ಬ ಸೈನಿಕನನ್ನು ಕೊಂದು ಅವನ ಬಂದೂಕಿನಿಂದಲೇ ಗುಂಡು ಹಾರಿಸುತ್ತಿದ್ದ. ಜೀವ ಉಳಿಸಿಕೊಳ್ಳಲು ನೆಲದ ಮೇಲೆ ತೆವಳುತ್ತಿದ್ದ ಎರಿಟ್ರಿಯಾದ ನಿರಾಶ್ರಿತನನ್ನು ಎರಡನೆಯ ದಾಳಿಕೋರನೆಂದು ತಿಳಿದು ಕಾವಲುಗಾರ ಗುಂಡು ಹೊಡೆದ. ರಕ್ತ ಸುರಿಸುತ್ತ ಬಿದ್ದವನನ್ನು ಜನ ಒದ್ದರು, ತಲೆಯ ಮೇಲೆ ಬೆಂಚು ಎತ್ತಿ ಹಾಕಿದರು. ನರ್ಸರಿಯಲ್ಲಿ ಗಿಡ ಬೆಳೆಸುತ್ತಿದ್ದ ಹುಡುಗ ಅವನು. ವೀಸಾ ನವೀಕರಿಸಿಕೊಳ್ಳಲು ಆ ಊರಿಗೆ ಬಂದಿದ್ದ. 2020ರಲ್ಲಿ ನ್ಯಾಯಾಲಯ ಇಬ್ಬರು ಆರೋಪಿಗಳನ್ನು ಬಿಟ್ಟಿತು. ಅವನು ಉಗ್ರನೆಂದೇ ಅವರು ನಂಬಿದ್ದಿರಬಹುದು ಎಂಬುದು ಕಾರಣ. ನಂಬಿದ್ದಿರಬಹುದು ಅಕ್ಕ, ನಾನೂ ಒಪ್ಪುತ್ತೇನೆ. ಆದರೂ ಅಲ್ಲಾಡಲಾರದೆ ಬಿದ್ದವನ ತಲೆಗೆ ಬೆಂಚು ಎತ್ತುವ ಹೊತ್ತಿಗೆ ಭಯದ ಕೆಲಸ ಮುಗಿದಿರುತ್ತದೆ. ಆಮೇಲೆ ನಡೆಯುವುದಕ್ಕೆ ಬೇರೆ ಹೆಸರು ಬೇಕು.

ಯೂಹನಾಬಾದಿಗೆ ಬರುತ್ತೇನೆ. ಪೊಲೀಸರು ಕೇರಿಗೆ ಕೇರಿಯನ್ನೇ ಜಾಲಾಡಿದರು. ಎಷ್ಟೋ ಗಂಡಸರು ಮನೆ ಬಿಟ್ಟು ತಲೆಮರೆಸಿಕೊಂಡರು. ನಲವತ್ತಕ್ಕೂ ಹೆಚ್ಚು ಜನರ ಮೇಲೆ ಭಯೋತ್ಪಾದನಾ ವಿರೋಧಿ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಯಿತು. ಬಾಂಬಿಗೆ ತುತ್ತಾದ ಕೇರಿಯವರೇ ಆ ನ್ಯಾಯಾಲಯದ ಕಟಕಟೆಯಲ್ಲಿ ನಿಂತರು. ಇಬ್ಬರು ಜೈಲಿನಲ್ಲೇ ಸತ್ತರು. ಕೊಲೆಯಾದ ಇಬ್ಬರ ಮನೆಯವರು ರಾಜಿಗೆ ಒಪ್ಪಿದ ಮೇಲೆ 2020ರ ಜನವರಿಯಲ್ಲಿ ಉಳಿದವರ ಬಿಡುಗಡೆ ಆಯಿತು. ಹೊಡೆದವನು ಯಾರು, ಸುಮ್ಮನೆ ನಿಂತು ನೋಡಿದವನು ಯಾರು ಎಂಬುದು ಕೊನೆಗೂ ಬೇರ್ಪಡಲಿಲ್ಲ. ಆ ಇಬ್ಬರ ಮನೆಯವರು ರಾಜಿಗೆ ಒಪ್ಪುವಾಗ ಏನನ್ನು ನುಂಗಿಕೊಂಡರೋ ನೆನೆಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಮ್ಮ ಕಾಗದದ ಹಿಂಬದಿಯಲ್ಲಿ, ಜಾಗ ಸಾಲದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. 2018, ನಮ್ಮಲ್ಲಿ ಮಕ್ಕಳ ಕಳ್ಳರ ವಾಟ್ಸಾಪ್ ಸುದ್ದಿ ಬೆಂಕಿಯ ಹಾಗೆ ಹರಡಿ, ಬೀದರಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಹುಡುಗನೊಬ್ಬನನ್ನು ಹೊಡೆದು ಕೊಂದ ವರ್ಷ. ಅಲ್ಲಿ ಬಾಂಬಿರಲಿಲ್ಲ, ಭಯವೊಂದೇ ಸಾಕಾಗಿತ್ತು. ನಿಮ್ಮೂರ ಸಂತೆಯಲ್ಲೂ ಕಂಬಳಿ ಮಾರುವವನೊಬ್ಬನನ್ನು ಸುತ್ತುಗಟ್ಟಿದ್ದರು. ನೀವು ಕತ್ತರಿ ಕೈಯಲ್ಲೇ ಹಿಡಿದು ಅಂಗಡಿಯಿಂದ ಇಳಿದು ಹೋಗಿ, “ಯಾರ ಮಗು ಕಳೆದಿದೆ, ಹೆಸರು ಹೇಳ್ರೋ” ಅಂತ ಕೇಳಿದಿರಿ. ಯಾರೂ ಹೆಸರು ಹೇಳಲಿಲ್ಲ. ಯಾಕೆಂದರೆ ಯಾವ ಮಗುವೂ ಕಳೆದಿರಲಿಲ್ಲ. ಅವನು ಗಂಟು ಅಲ್ಲೇ ಬಿಟ್ಟು ಓಡಿದ. ಆ ಗಂಟನ್ನು ನೀವು ಅಂಗಡಿಯಲ್ಲಿ ತೆಗೆದಿಟ್ಟಿರಿ.

ಅಲ್ಲಿಗೆ ಕಾಗದ ಮುಗಿದಿದೆ. ಆ ಕಂಬಳಿಯವನು ಗಂಟು ಕೇಳಿಕೊಂಡು ಮತ್ತೆ ಬಂದನೇ ಅಕ್ಕ? ಮರೆಯದೆ ಬರೆಯಿರಿ.

ನಿಮ್ಮ ತಮ್ಮ