ಬಡ್ಡಿ ಬೇಡವೆಂದ ಮೇಲೆ ನಮ್ಮ ಹೊಣೆ

ನಮ್ಮ ಮಹಲ್ಲಿನ ಓರ್ವ ಸಹೋದರಿ ಸ್ವಸಹಾಯ ಸಂಘದಿಂದ ಬಡ್ಡಿಗೆ ಸಾಲ ಪಡೆಯಲಿದ್ದಾರೆಂದು ತಿಳಿದು, ಉಪದೇಶಿಸಲೆಂದು ನಾವು ಕೆಲವರು ಆಕೆಯ ಮನೆಗೆ ಹೋದೆವು. ಹಲವು ವರ್ಷಗಳಿಂದ ಬೀಡಿ ಕಟ್ಟಿ ಸಂಸಾರ ಸಾಗಿಸಿದ ವಿಧವೆ ಆಕೆ. ಹೊಲಿಗೆ ಯಂತ್ರ ಕೊಂಡು ಮದ್ರಸದ ಹೆಣ್ಣುಮಕ್ಕಳಿಗೆ ಮಕ್ಕನ, ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯಬೇಕೆಂಬುದು ಆಕೆಯ ಇಚ್ಛೆ. ಬೇಕಿದ್ದುದು 15,000 ರೂಪಾಯಿ. ನಾವು ಬಡ್ಡಿಯ ಕುರಿತು ಹೇಳಬೇಕಾದುದನ್ನೆಲ್ಲ ಹೇಳಿದೆವು. ಬಾಗಿಲ ಮರೆಯಿಂದ ಆಕೆ ಕೇಳಿದ್ದು ಒಂದೇ ಮಾತು: "ಉಸ್ತಾದರೇ, ಹಾಗಾದರೆ ನೀವು ಕೊಡುತ್ತೀರಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಆ ವರ್ಷವಷ್ಟೇ ಮಸೀದಿಯ ಅಂಗಳಕ್ಕೆ ಗ್ರಾನೈಟ್ ಹಾಸಿದ್ದೆವು.

ನಬಾರ್ಡ್ 1992ರಲ್ಲಿ ಇಂತಹ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸತೊಡಗಿತು. 2000-01ರಲ್ಲಿ ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ಹತ್ತಿಪ್ಪತ್ತು ಮಹಿಳೆಯರು ವಾರಕ್ಕೊಮ್ಮೆ ಸೇರಿ, ಉಳಿಸಿದ್ದನ್ನು ಒಟ್ಟುಗೂಡಿಸಿ, ಪರಸ್ಪರರ ನಂಬಿಕೆಯನ್ನೇ ಅಡವಾಗಿಟ್ಟು ಸಾಲ ಪಡೆಯುತ್ತಾರೆ. ಇದರಲ್ಲಿ ಬಡ್ಡಿಯನ್ನುಳಿದು ಮಿಕ್ಕಿದ್ದೆಲ್ಲವೂ ನಮ್ಮ ದೀನ್ ಮೆಚ್ಚುವಂಥದ್ದೇ. ಹ. ಖದೀಜಾ(ರ)ರವರ ಸರಕು ಶಾಮ್ ದೇಶಕ್ಕೆ ಹೋಗುತ್ತಿತ್ತು. ಅದನ್ನು ಕೊಂಡೊಯ್ದವರು ಪ್ರವಾದಿ(ಸ)ರವರೇ. ಹ. ಝೈನಬ್ ಬಿಂತ್ ಜಹ್ಶ್(ರ)ರವರು ಚರ್ಮ ಹದಮಾಡಿ, ಹೊಲಿದು ಗಳಿಸಿದ್ದನ್ನು ದಾನ ಮಾಡುತ್ತಿದ್ದರು. ಸ್ತ್ರೀಯ ಗಳಿಕೆ ಅವಳದೇ ಎಂದು ಪವಿತ್ರ ಕುರ್‌ಆನಿನ ಅನ್ನಿಸಾಅ್ ಅಧ್ಯಾಯ ಸಾರುತ್ತದೆ. ಇಷ್ಟಾಗಿಯೂ ನಮ್ಮ ಪ್ರವಚನಗಳಲ್ಲಿ ಖದೀಜಾ(ರ)ರವರ ತ್ಯಾಗ ಬರುತ್ತದೆ, ವ್ಯಾಪಾರ ಬರುವುದಿಲ್ಲ.

ಬಡ್ಡಿಯನ್ನು ನಿಷೇಧಿಸುವ ಅಲ್ ಬಕರ ಅಧ್ಯಾಯದ ಅದೇ ಸೂಕ್ತಗಳ ಸಾಲಿನಲ್ಲಿ ದಾನದ ಮಾತಿದೆ, ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಬೇಕೆಂಬ ಆದೇಶವೂ ಇದೆ. ನಾವು ಮೊದಲರ್ಧವನ್ನು ಬಡವರಿಗೆ ಓದಿ ಹೇಳಿ, ಉಳಿದರ್ಧವನ್ನು ನಮಗೆ ಓದಿಕೊಳ್ಳದೆ ಬಿಟ್ಟಿದ್ದೆವು.

ಹನ್ನೆರಡು ಮನೆಗಳವರು ಸೇರಿ ಬಡ್ಡಿರಹಿತ ಸಾಲದ ಸಣ್ಣ ನಿಧಿಯೊಂದನ್ನು ತೆರೆದೆವು. ಝಕಾತ್‌ನ ಹಣವನ್ನು ಇದಕ್ಕೆ ಬೆರೆಸಲಿಲ್ಲ. ಅದು ಹಕ್ಕುದಾರರ ಸ್ವತ್ತು, ಮರಳಿ ಪಡೆಯುವಂಥದ್ದಲ್ಲ. ಮೊದಲ ಸಾಲ ಆ ಸಹೋದರಿಗೆ. ಆಕೆ ತಿಂಗಳಿಗೆ 1,000 ರೂಪಾಯಿಯಂತೆ ಮರಳಿಸತೊಡಗಿದರು. ಮಳೆಗಾಲದಲ್ಲಿ ಮಗ ಜ್ವರದಿಂದ ಆಸ್ಪತ್ರೆ ಸೇರಿದಾಗ ಎರಡು ಕಂತು ತಪ್ಪಿತು. ನಮ್ಮಲ್ಲೇ ಕೆಲವರು ಗೊಣಗಿದರು. ಕಾಯಬೇಕೆಂಬ ಸೂಕ್ತವನ್ನು ಆಗ ಇಮಾಮರು ನೆನಪಿಸಬೇಕಾಯಿತು. ಶಾಲೆ ತೆರೆಯುವ ಹಂಗಾಮು ಬಂದಾಗ ಬಾಕಿಯೆಲ್ಲ ತೀರಿತು.

ಆಕೆ ಸಂಘವನ್ನು ಬಿಟ್ಟಿಲ್ಲ. ಉಳಿತಾಯಕ್ಕೆ, ಲೆಕ್ಕ ಕಲಿಯುವುದಕ್ಕೆ ಈಗಲೂ ಹೋಗುತ್ತಾರೆ. ಸಾಲ ಮಾತ್ರ ಪಡೆಯುವುದಿಲ್ಲ, ಬಡ್ಡಿಯಿಂದ ಬರುವ ಪಾಲನ್ನೂ ಮುಟ್ಟುವುದಿಲ್ಲ. ನಮ್ಮ ನಿಧಿಯ ಪುಸ್ತಕವನ್ನೂ ಈಗ ಆಕೆಯೇ ಬರೆಯುತ್ತಿದ್ದಾರೆ. ನಾವು ಬರೆದಾಗ ಎರಡು ಬಾರಿ ಲೆಕ್ಕ ತಪ್ಪಿತ್ತು.

ಕಳೆದ ತಿಂಗಳು ಮತ್ತಿಬ್ಬರು ಕೇಳಿಕೊಂಡು ಬಂದರು: ಒಬ್ಬರಿಗೆ ಆಡು ಸಾಕಲು, ಇನ್ನೊಬ್ಬರಿಗೆ ಹಪ್ಪಳ, ಉಪ್ಪಿನಕಾಯಿಯ ಕೆಲಸಕ್ಕೆ. ನಿಧಿಯಲ್ಲಿದ್ದ ಹಣ ಒಬ್ಬರಿಗಷ್ಟೇ ಸಾಕಾಯಿತು. ಇನ್ನೊಬ್ಬರು ಸಂಘದಿಂದಲೇ ಸಾಲ ಪಡೆದರು. ಆ ಮನೆಗೆ ಉಪದೇಶಿಸಲು ನಾವು ಯಾರೂ ಹೋಗಲಿಲ್ಲ.