ಇನ್ಶೂರೆನ್ಸ್ ಬಂತು, ಡೆಪಾಸಿಟ್ ಬರಲಿಲ್ಲ

ಚುಂಚನಕಟ್ಟೆ ಜಾತ್ರೆಯ ವರದಿಗೆಂದು ನಾವು ಮೂವರು ಸ್ಟ್ರಿಂಗರ್‌ಗಳು ಸೇರಿ ಮೈಸೂರಿನಿಂದ ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಂದಿದ್ದೆವು. ಡೆಪಾಸಿಟ್ 15,000 ರೂಪಾಯಿ. ನಮ್ಮಲ್ಲೊಬ್ಬ ಮಗಳ ಸ್ಕೂಲ್ ಫೀಸಿಗೆ ಎತ್ತಿಟ್ಟಿದ್ದ ದುಡ್ಡು ಅದು. ರಾತ್ರಿ ಅವನನ್ನು ಹೊಸ ಅಗ್ರಹಾರಕ್ಕೆ ಬಿಡಲು ಹೋಗುವಾಗ, ಲೈಟಿಲ್ಲದೆ ನಿಂತಿದ್ದ ಕಬ್ಬಿನ ಟ್ರೈಲರ್‌ಗೆ ಕಾರು ತಾಗಿತು. ಸ್ಪೀಡು ನಮ್ಮದೂ ಇತ್ತು. ಯಾರಿಗೂ ಪೆಟ್ಟಾಗಲಿಲ್ಲ, ಬಂಪರ್, ಹೆಡ್‌ಲೈಟ್ ಹೋದವು.

ಗ್ಯಾರೇಜ್ ಬಿಲ್ 18,400. ಇನ್ಶೂರೆನ್ಸ್ ಹಣ ಬಂದಿದೆ ಎಂದು ಗ್ಯಾರೇಜಿನವರೇ ಹೇಳಿದರು. ಡೆಪಾಸಿಟ್ ಕೇಳಿದರೆ ಕಾರಿನವರು, "ಡ್ಯಾಮೇಜ್ ಮಾಡಿದ್ದೀರಲ್ಲ ಸಾರ್, ಅದನ್ನ ಮರೆತುಬಿಡಿ" ಎಂದರು.

ಕೆ.ಆರ್. ನಗರದ ಪರಿಚಯದ ವಕೀಲರ ಬಳಿ ಹೋದೆವು. "ಇನ್ಶೂರೆನ್ಸ್ ಕೊಟ್ಟಿದ್ದನ್ನ ನಿಮ್ಮತ್ರ ಇನ್ನೊಂದ್ಸಲ ಈಸ್ಕೊಳ್ಳಂಗಿಲ್ಲ ಕಣ್ರಪ್ಪ. ಆದ್ರೆ ಅದು ಕೊಡ್ದೆ ಉಳಿದಿದ್ದು ನಿಮ್ ತಲೆ ಮೇಲೇ" ಎಂದರು. 1872ರ ಕರಾರು ಕಾಯ್ದೆಯ 151ನೇ ಕಲಂ ತೋರಿಸಿದರು: ಇನ್ನೊಬ್ಬರ ವಸ್ತು ನಮ್ಮ ವಶದಲ್ಲಿದ್ದಾಗ, ನಮ್ಮದೇ ವಸ್ತುವಿನಷ್ಟು ಜೋಪಾನ ಮಾಡಬೇಕು. 73ನೇ ಕಲಂ ಪ್ರಕಾರ ಪರಿಹಾರ ಆದ ನಷ್ಟಕ್ಕೆ, ಲಾಭಕ್ಕಲ್ಲ.

ಸರ್ವೇಯರ್ ವರದಿ, ಗ್ಯಾರೇಜ್ ಬಿಲ್, ಸೆಟಲ್‌ಮೆಂಟ್ ಪತ್ರ ಮೂರನ್ನೂ ಬರವಣಿಗೆಯಲ್ಲಿ ಕೇಳಿದೆವು. ಲೆಕ್ಕ ಬಯಲಾಯಿತು. ಸಾಧಾರಣ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಹಾಗಾಗಿ 9,000ದ ಬಂಪರ್, ಹೆಡ್‌ಲೈಟಿಗೆ 4,500 ಕಡಿತ. ಮಾಲೀಕರೇ ಭರಿಸಬೇಕಾದ ಕಡ್ಡಾಯ ಪಾಲು 1,000. ಕಂಪನಿ ಕೊಟ್ಟಿದ್ದು 12,900; ಉಳಿದದ್ದು 5,500. ಕಾರು ಗ್ಯಾರೇಜಿನಲ್ಲಿದ್ದ ಎರಡು ದಿನದ ಬಾಡಿಗೆ 3,000 ಎಂಬುದು ಕರಾರಿನಲ್ಲೇ ಇತ್ತು. ಒಟ್ಟು 8,500.

"ನೋ ಕ್ಲೇಮ್ ಬೋನಸ್ ಹೋಯ್ತಲ್ಲ?" ಎಂದು ಕಾರಿನವರು ತಕರಾರು ತೆಗೆದರು. ಅದು ಕರಾರಿನಲ್ಲಿ ಇರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಎಂದ ಮೇಲೆ 6,500 ವಾಪಸ್ ಬಂತು.

ಕಡಿಮೆ ಬಿದ್ದ 8,500ನ್ನು ಮೂವರೂ ಹಂಚಿಕೊಂಡೆವು. ಫೀಸು ಹದಿನೈದು ದಿನ ತಡವಾಯಿತು. ಪಂಚಾಯ್ತಿಯ ಪ್ರತಿ ಬಿಲ್ಲಿಗೂ ದಾಖಲೆ ಕೇಳುವ ನಾವು, ಸಹಿ ಹಾಕುವ ಮುಂಚೆ ನಾಲ್ಕು ಪುಟದ ಆ ಕರಾರನ್ನು ಓದಿರಲೇ ಇಲ್ಲ. ನೀವು ಓದಿ. ಕಾರು ತಗೊಳ್ಳುವಾಗ ಸುತ್ತಲೂ ಒಂದು ವಿಡಿಯೋನೂ ಮಾಡಿಟ್ಟುಕೊಳ್ಳಿ.